ಬದಲಿಯವನ ಮೊಳೆ

ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿನ್ನುವುದು ಸುಲಭ, ಅದಕ್ಕೆ ಕುರ್ಚಿ ಹಿಡಿಯುವುದೇ ಕಷ್ಟ. ಯಾರೋ ತಿನ್ನುತ್ತಿರುವಾಗ ಅವರ ಬೆನ್ನಿಗೆ ನಿಂತು, ತಟ್ಟೆಯಲ್ಲಿ ಇನ್ನೆಷ್ಟು ತುತ್ತು ಉಳಿದಿದೆ ಎಂದು ಎಣಿಸಬೇಕು. ಮರ್ಯಾದಸ್ಥರಿಗೆ ಇದು ಆಗದು. ನನಗೆ ಆಗುತ್ತದೆ.

2022ರ ಜುಲೈ 13. ಜಿಟಿಜಿಟಿ ಮಳೆ. ನಾನು ಕಾಯುತ್ತಿದ್ದ ಮೇಜಿನಲ್ಲಿ ಮೂವರು ಹುಡುಗರು, ನಾಲ್ಕನೇ ಕುರ್ಚಿಯ ಮೇಲೆ ಒಂದು ಹೆಲ್ಮೆಟ್ಟು. ದೋಸೆ ಮುಗಿದು ಚಟ್ನಿಯ ಅಂಚು ಒಣಗಿತ್ತು. ನೀರಿನ ಲೋಟಕ್ಕೆ ಮೊಬೈಲು ಒರಗಿಸಿಕೊಂಡು ಮಾತಿಗೆ ಕೂತಿದ್ದರು.

"ನಮಗೆ ಮಿಡ್‌ಫೀಲ್ಡಿಗೆ ಒಬ್ಬ ಬೇಕಲೇ."

"ಮೊದ್ಲು ಸ್ಟ್ರೈಕರ್ ನೋಡು. ರೊನಾಲ್ಡೊ ಟೂರಿಗೇ ಬಂದಿಲ್ಲ."

"ಹೊಸ ಮ್ಯಾನೇಜರ್ ಬಂದಾನಲ್ಲ, ಎಲ್ಲಾ ಸರಿ ಮಾಡ್ತಾನ ಬಿಡು."

'ನಮಗೆ' ಅಂದದ್ದು ಕೇಳಿ ಹೈಸ್ಕೂಲ್ ಮೈದಾನದ ಯಾವುದೋ ಟೀಮು ಇರಬೇಕು ಅಂದುಕೊಂಡೆ. ಅಲ್ಲ, ಇಂಗ್ಲೆಂಡಿನ ಫುಟ್‌ಬಾಲ್ ತಂಡ ಮ್ಯಾಂಚೆಸ್ಟರ್ ಯುನೈಟೆಡ್ಡಂತೆ. ಹಿಂದಿನ ದಿನ ಬ್ಯಾಂಕಾಕಿನಲ್ಲಿ ಲಿವರ್‌ಪೂಲನ್ನು 4-0ಯಲ್ಲಿ ಹೊಡೆದಿದ್ದರಂತೆ. ಲೆಕ್ಕಕ್ಕಿಲ್ಲದ ಆಟ, ಸೀಸನ್ನಿಗೆ ಮುಂಚೆ ಮೈ ಸಡಿಲ ಮಾಡಿಕೊಳ್ಳುವುದಕ್ಕೆ ಆಡುವುದು. ಆದರೆ ಹೊಸ ಮ್ಯಾನೇಜರ್ ಎರಿಕ್ ಟೆನ್ ಹಾಗ್‌ಗೆ ಅದು ಮೊದಲನೇ ಪಂದ್ಯ. ಹಾಗಾಗಿ ಈ ಮೂವರ ಪಾಲಿಗೆ ಕಪ್ಪು ಬಂದು ಶೋಕೇಸಿನಲ್ಲಿ ಕೂತಾಗಿತ್ತು.

ಇಬ್ಬರ ಪಾಲಿಗೆ ಅನ್ನಬೇಕು. ಮೂರನೆಯವನು, ಮೀಸೆ ಇನ್ನೂ ಚಿಗುರುತ್ತಿದ್ದವನು, ತಕರಾರು ತೆಗೆದ. "2014ರಾಗ ವಾನ್ ಗಾಲ್ ಮ್ಯಾನೇಜರ್ ಆಗಿ ಬಂದಾಗ್ಲೂ ಅಮೆರಿಕದಾಗ ಗ್ಯಾಲಕ್ಸಿಗೆ ಏಳು ಹೊಡೆದಿದ್ವಿ. ಆಮ್ಯಾಲೆ ಲೀಗಿನ ಮೊದಲನೇ ಮ್ಯಾಚಿನಾಗೇ ಸ್ವಾನ್ಸಿ ಕೈಲಿ ಸೋತ್ವಿ, ಅದೂ ನಮ್ಮ ಗ್ರೌಂಡಿನಾಗ." ಆಗ ಅವನಿಗೆ ಹತ್ತು ವರ್ಷವಿದ್ದೀತು. ಆದರೂ ಹೊಡೆದದ್ದೂ ಇವನೇ, ಸೋತದ್ದೂ ಇವನೇ.

ಈ 'ನಾವು' ಅನ್ನುವ ಪದ ನನಗೆ ಹಿಡಿಸುವುದಿಲ್ಲ. ಮನೆಯ ನಲ್ಲಿಗೆ ವಾಷರ್ ಹಾಕಿಸೆಂದರೆ 'ನೀವು ನೋಡ್ಕಳ್ರಿ' ಅನ್ನುವವರು ಯುನೈಟೆಡ್ಡಿನ ಮೈದಾನ ಓಲ್ಡ್ ಟ್ರಾಫರ್ಡಿನ ವಿಷಯಕ್ಕೆ 'ನಾವು' ಆಗುತ್ತಾರೆ. ಇದರ ಬಗ್ಗೆ ನನ್ನದೊಂದು ಸಿದ್ಧಾಂತವೇ ಇದೆ, ದೋಸೆ ಬರುವುದರೊಳಗೆ ಹೇಳಿಬಿಡುತ್ತೇನೆ.

ಅಷ್ಟರಲ್ಲಿ ಚರ್ಚೆ ಖರೀದಿಗೆ ತಿರುಗಿತು. ಹಾಲೆಂಡಿನ ಅಯಾಕ್ಸ್ ತಂಡದಿಂದ ಮಾರ್ಟಿನೆಜ್ ಎಂಬ ಡಿಫೆಂಡರನ್ನು ತರುವ ಸುದ್ದಿ. ಎತ್ತರ 5 ಅಡಿ 9 ಇಂಚು. "ಇಂಗ್ಲೆಂಡಿನಾಗ ಈ ಕುಳ್ಳನ್ನ ಇಟ್ಕಂಡು ಏನ್ಲೇ ಮಾಡ್ತಾರ?" ಎಂದು ಕೇಳಿದವನು ಎದ್ದು ನಿಂತರೆ ನನ್ನ ಭುಜಕ್ಕೆ ಬರುತ್ತಿದ್ದ. ಅದಾದ ಮೇಲೆ ಫ್ರೆಂಕಿ ಡಿ ಯಾಂಗ್. ಮಿಡ್‌ಫೀಲ್ಡಿಗೆ ಬೇಕಾಗಿದ್ದವನು ಅವನೇ, ಬಾರ್ಸಿಲೋನಾದಲ್ಲಿದ್ದಾನೆ, ಅಲ್ಲಿಯವರಿಗೂ ಅವನನ್ನು ಮಾರುವ ಮನಸ್ಸಿದೆ, ಅವನು ಮಾತ್ರ ಅಲ್ಲಾಡುತ್ತಿಲ್ಲ.

"ಯಾಕಂತ?"

"ಸಂಬಳ ಬಾಕಿ ಐತಂತೆ. ಕೊರೊನಾ ಟೈಮಿಂದು ಮುಂದಕ್ಕೆ ಹಾಕಿದ್ರಲ್ಲ, ಅದನ್ನ ಕೊಟ್ಟೇ ಇಲ್ಲ."

"ದುಡ್ಡಿಗೇನ್ಲೇ ಕಡಿಮಿ ಅವಂಗೆ? ಬಿಟ್ಟು ಬರಬೇಕಪ್ಪ."

"ಬಾಕಿ ಬಿಟ್ಟು ಯಾವನೂ ಹೋಗಬಾರದು."

ಕೊನೆಯ ಮಾತು ನನ್ನದು. ಅಷ್ಟು ಗಟ್ಟಿಯಾಗಿ ಬಂದೀತೆಂದು ನನಗೂ ಗೊತ್ತಿರಲಿಲ್ಲ. ಮೂವರೂ ತಿರುಗಿದರು. ದೋಸೆ ಹುಯ್ಯುವವನೂ ಒಮ್ಮೆ ನೋಡಿದ. ಚಿಗುರು ಮೀಸೆಯವನು ಹೆಲ್ಮೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು "ಕೂತ್ಕಳ್ರಿ ಅಂಕಲ್" ಅಂದ. ಅಂತೂ ಕುರ್ಚಿ ಸಿಕ್ಕಿತು.

ನಮ್ಮೂರನ್ನು ಹಿಂದೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಈ ಹುಡುಗರಿಗೆ ಅದು ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಬರುವ ಒಂದು ಅಂಕದ ಪ್ರಶ್ನೆ. ನನಗೆ ಅದು ಅಪ್ಪನ ಅಂಗಿಯ ಮೇಲಿನ ಹತ್ತಿಯ ಧೂಳು. ಆ ಮ್ಯಾಂಚೆಸ್ಟರಿನಲ್ಲೂ ಹತ್ತಿ ಗಿರಣಿಗಳು ಮುಚ್ಚಿದವು, ಈ ಮ್ಯಾಂಚೆಸ್ಟರಿನಲ್ಲೂ ಮುಚ್ಚಿದವು. ಅವರಿಗೆ ಫುಟ್‌ಬಾಲು ಉಳಿಯಿತು, ನಮಗೆ ದೋಸೆ.

ಅಪ್ಪ ಮಿಲ್ಲಿನಲ್ಲಿ ಬದಲಿಯವನು. ಖಾಯಂ ಆದವನು ರಜೆ ಹಾಕಿದರೆ ಮಾತ್ರ ಬದಲಿಗೆ ಕೆಲಸ. ಪಾಳಿಯ ಕೂಗು ಆಗುವ ಮುಂಚೆ ಗೇಟಿಗೆ ಹೋಗಿ ನಿಲ್ಲಬೇಕು, ಯಾರಿಗಾದರೂ ಜ್ವರ ಬಂದಿರಲಿ ಎಂದು ದೇವರನ್ನು ಬೇಡಿಕೊಳ್ಳಬೇಕು. ಫುಟ್‌ಬಾಲಿನ ಬದಲಿ ಆಟಗಾರನಿಗೆ ಕೂರಲು ಮೆತ್ತನೆಯ ಸೀಟಾದರೂ ಇರುತ್ತದೆ, ಸಂಬಳವಂತೂ ಇದ್ದೇ ಇರುತ್ತದೆ. ಅಪ್ಪನಿಗೆ ಇದ್ದದ್ದು ಗೇಟಿನೆದುರಿನ ಮಂಡಕ್ಕಿ ಅಂಗಡಿಯ ಕಟ್ಟೆ.

ಒಮ್ಮೆ ಮಿಲ್ಲಿಗೆ ಕೊಯಮತ್ತೂರಿನಿಂದ ಹೊಸ ಮ್ಯಾನೇಜರು ಬಂದ. ಆ ಕಟ್ಟೆಯ ಮೇಲೆ ಹದಿನೈದು ದಿನ ಬೇರೆ ಮಾತಿಲ್ಲ. ಅವನು ಕಾಲಿಟ್ಟ ಮಿಲ್ಲು ಲಾಭಕ್ಕೆ ಬರುತ್ತದಂತೆ, ಸ್ಪಿನ್ನಿಂಗ್ ಖಾತೆಗೆ ಹೊಸ ಮಷಿನ್ನು ತರಿಸುತ್ತಾನಂತೆ. ಮೊದಲ ವಾರ ಗೇಟಿಗೆ ಬಣ್ಣ ಬಂತು, ಕ್ಯಾಂಟೀನಿನ ಚಹಾಕ್ಕೆ ಹಾಲು ಬಂತು. ಚಹಾದ ಬಣ್ಣ ನೋಡಿಯೇ ಎಲ್ಲರೂ 'ಈ ಸಲ ಮಿಲ್ಲು ಎದ್ದು ನಿಲ್ತತಿ' ಎಂದು ತೀರ್ಮಾನಿಸಿದರು.

ಎರಡನೇ ವಾರ ಅವನು ಶಿಸ್ತು ತಂದ. ಕೆಲಸಗಾರರ ಊಟದ ಡಬ್ಬಿಗಳು ಎಲ್ಲೆಂದರಲ್ಲಿ ಬಿದ್ದಿರುತ್ತಿದ್ದುದು ಅವನ ಕಣ್ಣಿಗೆ ಚುಚ್ಚಿತು. ಗೋಡೆಗೆ ಸಾಲಾಗಿ ಮೊಳೆ ಹೊಡೆಸಿ, ಪ್ರತಿ ಮೊಳೆಯ ಮೇಲೆ ನಂಬರು ಬರೆಸಿದ. ಅವರವರ ನಂಬರಿನ ಮೊಳೆಗೆ ಅವರವರ ಡಬ್ಬಿ. ಒಂದು ವಾರ ಮಿಲ್ಲಿನಲ್ಲಿ ನೂಲಿಗಿಂತ ಜಗಳ ಹೆಚ್ಚು ತಯಾರಾಯಿತು. ಕಿಟಕಿ ಪಕ್ಕದ ಮೊಳೆಗಾಗಿ ಇಬ್ಬರು ಜಾಬರುಗಳು, ಅಂದರೆ ಮಿಲ್ಲಿನ ಮೇಸ್ತ್ರಿಗಳು, ಕೈ ಕೈ ಮಿಲಾಯಿಸಿದರು. ಒಬ್ಬನ ಮೊಳೆಗೆ ಇನ್ನೊಬ್ಬ ಕೊಡೆ ತೂಗಿಹಾಕಿದ್ದು ಯೂನಿಯನ್ನಿನ ತನಕ ಹೋಯಿತು.

ಬದಲಿಯವರಿಗೆ ಖಾಯಂ ನಂಬರಿಲ್ಲ. ನಂಬರಿಲ್ಲದ ಮೇಲೆ ಮೊಳೆ ಎಲ್ಲಿಯದು? ಅಪ್ಪ ಡಬ್ಬಿಯನ್ನು ಸೈಕಲ್ಲಿನ ಹ್ಯಾಂಡಲ್ಲಿಗೆ ನೇತುಹಾಕಿ ಒಳಗೆ ಹೋದ. ಊಟದ ಹೊತ್ತಿಗೆ ಬಂದರೆ ಒಂದು ದನ ಡಬ್ಬಿ ಕೆಡವಿ ರೊಟ್ಟಿ ಮುಗಿಸಿ, ಶೇಂಗಾ ಚಟ್ನಿಯ ಕಾಗದ ನೆಕ್ಕುತ್ತಿತ್ತು. ಸಾಯುವ ತನಕ ಅಪ್ಪ ಆ ಮ್ಯಾನೇಜರನ್ನು ಕ್ಷಮಿಸಲಿಲ್ಲ. ದನವನ್ನು ಕ್ಷಮಿಸಿದ್ದ. 'ಅದಕ್ಕೇನು ನಂಬರ್ ಓದಾಕ ಬರ್ತತ್ಯಾ?' ಅನ್ನುತ್ತಿದ್ದ.

ಕಡೆಗೊಂದು ದಿನ ಅಪ್ಪ ಖಾಯಂ ಆದ. ಮೊಳೆ ನಂಬರ್ 212. ನಮ್ಮವ್ವ ಆ ದಿನ ಹೋಳಿಗೆ ಮಾಡಿದಳು. ಒಂದೂವರೆ ವರ್ಷಕ್ಕೆ ಮಿಲ್ಲಿಗೆ ಬೀಗ ಬಿತ್ತು. ಅಷ್ಟರಲ್ಲಿ ಕೊಯಮತ್ತೂರಿನವನು ಇನ್ನೆಲ್ಲೋ ಹೊಸ ಮ್ಯಾನೇಜರಾಗಿ, ಅಲ್ಲಿನ ಗೇಟಿಗೆ ಬಣ್ಣ ಹೊಡೆಸುತ್ತಿದ್ದ. ಕಡೆಯ ಪಾಳಿ ಮುಗಿಸಿ ಬರುವಾಗ ಅಪ್ಪ ತನ್ನ ಮೊಳೆ ಕಿತ್ತುಕೊಂಡು ಬಂದ. ಕೀಳುವಾಗ ಬಾಗಿತ್ತು. ಈಗಲೂ ನಮ್ಮ ಮನೆಯ ಕ್ಯಾಲೆಂಡರು ಅದಕ್ಕೇ ತೂಗುತ್ತದೆ. ವರ್ಷ ಯಾವುದೇ ಇರಲಿ, ಒಂದು ಕಡೆ ವಾಲಿಕೊಂಡೇ ಇರುತ್ತದೆ.

ಇಷ್ಟನ್ನೂ ಆ ಹುಡುಗರಿಗೆ ಹೇಳಿದೆ. ನಡುವೆ ನನ್ನ ದೋಸೆ ಬಂತು, ತಣ್ಣಗಾಯಿತು, ಮೇಲಿನ ಬೆಣ್ಣೆ ಬಿಳಿಯಾಗಿ ಕೂತಿತು.

"ಬಾಕಿ ಬಂತಾ ಅಂಕಲ್?" ಎಂದು ಕೇಳಿದವನು ಆ ಕುಳ್ಳನೇ. ಪಾಪ, ಒಳ್ಳೆಯ ಹುಡುಗ.

"ಹನ್ನೊಂದು ವರ್ಷ ಆದ ಮ್ಯಾಲೆ ಒಂದು ಚೆಕ್ ಬಂತಪ್ಪ. ಒಂದು ಮಿಕ್ಸಿ ತಂದ್ವಿ."

ಮೂವರೂ ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಚಿಗುರು ಮೀಸೆಯವನು ನಿಧಾನವಾಗಿ, "ಹಂಗಾರೆ ಡಿ ಯಾಂಗ್ ಬರಲ್ಲ ಬಿಡ್ರಲೇ" ಅಂದ.

ಸಿದ್ಧಾಂತ ಹೇಳುತ್ತೇನೆಂದಿದ್ದೆ. ಇರಲಿ.

ಆಗಸ್ಟ್ 14, ಭಾನುವಾರ, ಬೆಳಗ್ಗೆ ಬೇಗನೇ ಹೋಗಿ ಗೋಡೆ ಪಕ್ಕದ ಮೇಜು ಹಿಡಿದೆ. ಹಿಂದಿನ ವಾರ ಟೆನ್ ಹಾಗ್‌ನ ತಂಡ ತನ್ನದೇ ಮೈದಾನದಲ್ಲಿ ಬ್ರೈಟನ್ನಿಗೆ 1-2ರಲ್ಲಿ ಸೋತಿತ್ತು. ಶನಿವಾರ ಬ್ರೆಂಟ್‌ಫರ್ಡ್ 35 ನಿಮಿಷದೊಳಗೆ ನಾಲ್ಕು ಹೊಡೆದು 4-0 ಮಾಡಿತ್ತು. ನಾನು ಯಾಕೆ ನೋಡಿದೆ ಎಂದು ಕೇಳಬೇಡಿ. ಮಗನ ಮೊಬೈಲು ಕೈಗೆ ಸಿಕ್ಕಿತ್ತು.

ಎರಡನೇ ದೋಸೆಯಲ್ಲಿದ್ದಾಗ ಬೆನ್ನ ಹಿಂದೆ ಯಾರೋ ಬಂದು ನಿಂತದ್ದು ಗೊತ್ತಾಯಿತು. ಅದೇ ಮೂವರು, ಅದೇ ಹೆಲ್ಮೆಟ್ಟು. ಮುಖಗಳು ಮಾತ್ರ ಹುಳಿ ಚಟ್ನಿ ತಿಂದ ಹಾಗಿದ್ದವು.

"ಆ ಕುಳ್ಳ ಮಾರ್ಟಿನೆಜ್‌ನ ತರಬ್ಯಾಡ್ರಿ ಅಂದಿದ್ವಿ ಅಂಕಲ್. ಹಾಫ್ ಟೈಮಿಗೇ ಹೊರಗೆ ಕೂರಿಸಿದ್ರು ನೋಡ್ರಿ."

"ಇವತ್ತಿಗೆ ಎರಡೇ ಮ್ಯಾಚ್ ಆಗಿರೋದು. ಮ್ಯಾನೇಜರ್‌ಗೆ ಟೈಮ್ ಕೊಡಬೇಕಪ್ಪ" ಅಂದೆ. ಕೊಯಮತ್ತೂರಿನವನ ವಿಷಯದಲ್ಲಿ ನಮ್ಮ ಮನೆಯಲ್ಲಿ ಯಾರೂ ಆಡದ ಮಾತು ಇದು.

"ಡಿ ಯಾಂಗೂ ಬರಂಗಿಲ್ಲಂತೆ."

"ಬರಬಾರದು."

ಪಕ್ಕದ ಕುರ್ಚಿಯ ಮೇಲೆ ನನ್ನ ಕೊಡೆ ಕೂತಿತ್ತು. ಮೂವರೂ ಅದನ್ನೇ ನೋಡುತ್ತಿದ್ದರು. ತೆಗೆಯಬೇಕೆಂದು ನನಗೆ ಹೊಳೆಯುವಷ್ಟರಲ್ಲಿ ಇನ್ನೊಂದು ಖಾಲಿ ದೋಸೆಗೆ ಹೇಳಿಯಾಗಿತ್ತು.