ಅತ್ತೆಯ ಮಾವನ ದಮ್ಮು

ಮಕ್ಕಳ ದವಾಖಾನೆಯಲ್ಲಿ ಹೆಸರು ಬರೆಸುವಾಗ ಒಂದು ಫಾರ್ಮ್ ಕೊಡುತ್ತಾರಲ್ಲ, ಅದನ್ನು ಮಾಡಿದ ಪುಣ್ಯಾತ್ಮರು ಸಿಕ್ಕರೆ ಎರಡು ಮಾತು ಆಡುವುದಿದೆ. ಹೆಸರು, ವಯಸ್ಸು, ಫೋನ್ ನಂಬರ್ ಬರೆದರೆ ಅದಕ್ಕೆ ಸಮಾಧಾನ ಇಲ್ಲ. ಹುಟ್ಟಿದಾಗ ತೂಕ ಎಷ್ಟು? ಹೆರಿಗೆ ನಾರ್ಮಲ್ಲೋ ಸಿಸೇರಿಯನ್ನೋ? ದಿನ ತುಂಬಿತ್ತೋ ಇಲ್ಲವೋ? ಹುಟ್ಟಿದ ತಕ್ಷಣ ಮಗು ಅತ್ತಿತೋ? ನಾವು ಹೋಗಿದ್ದು ನೆಗಡಿಗೆ. ನಮ್ಮ ಮಗಳು ಹುಟ್ಟಿದ ತಕ್ಷಣ ಅತ್ತಳೋ ಇಲ್ಲವೋ ನನಗೆ ಗೊತ್ತಿಲ್ಲ. ಈಗಿನ ಗಂಟಲು ಕೇಳಿದರೆ ಅತ್ತೇ ಇರಬೇಕು.

ಅವಳು ಹುಟ್ಟಿದ್ದು ಒಡಿಶಾದಲ್ಲಿ. ಆಗ ನಾವು ಇಲ್ಲಿ ಬಾಗಲಕೋಟೆಯ ನವನಗರದಲ್ಲಿ ಕುಳಿತು, ದತ್ತು ಕೊಡುವುದನ್ನು ನೋಡಿಕೊಳ್ಳುವ ಕೇಂದ್ರ ಸರಕಾರದ ಸಂಸ್ಥೆ ಕಾರಾದವರ ವೆಬ್‌ಸೈಟಿನಲ್ಲಿ ನಮ್ಮ ಪಾಳಿ ಎಷ್ಟು ಮುಂದೆ ಬಂತು ಅಂತ ನೋಡುತ್ತಿದ್ದೆವು. ದತ್ತು ತಗೊಂಡವರಿಗೆ ಈ ಕಾಯುವುದು ಗೊತ್ತಿರುತ್ತದೆ. ಎರಡು ವರ್ಷದೊಳಗಿನ ಮಗು ಬೇಕೆಂದರೆ ಗಂಡ ಹೆಂಡತಿ ಇಬ್ಬರ ವಯಸ್ಸು ಕೂಡಿಸಿದರೆ 85 ದಾಟಿರಬಾರದು. ಹಾಗಾಗಿ ನಮ್ಮ ಮನೆಯಲ್ಲಿ ಹುಟ್ಟುಹಬ್ಬ ಬಂದರೆ ಕೇಕ್ ಬರುತ್ತಿರಲಿಲ್ಲ, ಲೆಕ್ಕ ಬರುತ್ತಿತ್ತು. ಮನೆ ನೋಡಲು ಬಂದವರು ಸಂಬಳದ ಚೀಟಿ ನೋಡಿದರು, ಆರೋಗ್ಯದ ಸರ್ಟಿಫಿಕೇಟ್ ನೋಡಿದರು, ನಾವಿಬ್ಬರೂ ಜಗಳ ಆಡ್ತೀವಾ ಅಂತ ಕೇಳಿದರು. ಕಡೆಗೊಂದು ದಿನ ಮಗುವಿನ ಫೋಟೋ, ವೈದ್ಯಕೀಯ ವರದಿ ಬಂತು. ಒಪ್ಪಿಗೆ ಹೇಳಲು 48 ಗಂಟೆ ಟೈಮು. ನಮ್ಮವರು ವರದಿಯ ಮೊದಲ ಪುಟ ಓದಿ ಮುಗಿಸುವಷ್ಟರಲ್ಲಿ ನಾನು ಬಟನ್ ಒತ್ತಿದ್ದೆ.

ಇಷ್ಟೆಲ್ಲ ಕೇಳಿದ ಮೇಲೆ ಇನ್ನು ಯಾರೂ ನಮ್ಮನ್ನು ಏನೂ ಕೇಳಲಾರರು ಅಂದುಕೊಂಡಿದ್ದೆ. ದವಾಖಾನೆಯ ಕೌಂಟರಿನಲ್ಲಿದ್ದ ಹುಡುಗಿ ಕೇಳಿದಳು.

"ಕೂಸಿನ ಆಧಾರ್ ತಂದೀರೇನ್ರಿ?"

"ಇನ್ನಾ ಬಂದಿಲ್ಲವ್ವ."

"ಬರ್ತ್ ಸರ್ಟಿಫಿಕೇಟು?"

"ಅದೂ ಬರಬೇಕು."

"ತಾಯಿ ಕಾರ್ಡು?"

"ಅದು ಇಲ್ಲ."

"ಮತ್ತ ಏನೈತ್ರಿ ನಿಮ್ ಕಡೆ?"

"ಕೂಸ ಐತಿ."

ಅವಳು ನಗಲಿಲ್ಲ. ಹಿಂದೆ ಪಾಳಿಯಲ್ಲಿ ನಿಂತವರು ನಕ್ಕರು. ದತ್ತು ಆದೇಶ ಈಗ ಕೋರ್ಟಿನಿಂದಲ್ಲ, 2022ರ ಸೆಪ್ಟೆಂಬರಿನಿಂದ ಜಿಲ್ಲಾಧಿಕಾರಿ ಕಚೇರಿಯಿಂದ ಬರುತ್ತದೆ, ನಮ್ಮದು ಇನ್ನೂ ಅಲ್ಲಿನ ಟೇಬಲ್ ಮೇಲಿದೆ, ಅದು ಬಂದ ಮೇಲೆ ನಮ್ಮ ಹೆಸರಿರುವ ಜನನ ಪ್ರಮಾಣ ಪತ್ರ, ಆಮೇಲೆ ಆಧಾರ್, ಹೀಗೆ ಎಲ್ಲ ಸಾಲಾಗಿ ಬರಬೇಕು. ಇದನ್ನೆಲ್ಲ ಕಿಂಡಿಯೊಳಗೆ ತಲೆ ಹಾಕಿ ಹೇಳುವುದು ಹೇಗೆ? ಸಂಸ್ಥೆಯವರು ಕೊಟ್ಟ ಲಸಿಕೆ ಕಾರ್ಡ್ ಮುಂದಿಟ್ಟೆ. ಪೂರ್ತಿ ಒಡಿಯಾ. ಹುಡುಗಿ ಒಮ್ಮೆ ನೋಡಿದಳು, ತಿರುಗಿಸಿ ನೋಡಿದಳು, ಪಕ್ಕದವಳಿಗೆ ತೋರಿಸಿದಳು. ಪಕ್ಕದವಳು ಮೊದಲಿನ ಹಾಗೇ ತಿರುಗಿಸಿಕೊಟ್ಟಳು. ಕಡೆಗೆ ಹೆರಿಗೆಯ ಕಾಲಮ್ಮಿನಲ್ಲಿ ತಾನೇ "ನಾರ್ಮಲ್" ಅಂತ ಬರೆದುಕೊಂಡಳು. ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದೆ ಹೋಗುವುದಿಲ್ಲವಂತೆ. ಹೀಗೆ ನನಗೆ ಒಂದು ನಾರ್ಮಲ್ ಹೆರಿಗೆ ಆಯಿತು.

ಅದರ ಸುದ್ದಿ ಆಗಲೇ ಬೆಂಚಿಗೆ ಮುಟ್ಟಿತ್ತು ಅಂತ ಕಾಣುತ್ತದೆ. ಪಕ್ಕದಲ್ಲಿ ಕುಳಿತ ಹೆಣ್ಣುಮಗಳೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಷ್ಟ್ ತಿಂಗಳದ್ರಿ?" ಅಂದಳು. ಏಳು ಅಂದೆ. "ಹೌದಾ! ನಿಮ್ಮನ್ನ ನೋಡಿದ್ರ ಹಡದವರಂಗ ಕಾಣೂದ ಇಲ್ಲ ನೋಡ್ರಿ. ಹೊಟ್ಟಿ ಪೂರಾ ಒಳಗ ಹೋಗೇತಿ. ಏನ್ ಮಾಡಿದ್ರಿ?"

"ಏನೂ ಮಾಡಿಲ್ರಿ" ಅಂದೆ. ಜೀವನದಲ್ಲಿ ಇಷ್ಟು ನಿಜ ಹೇಳಿದ್ದು ಕಡಿಮೆ.

"ಬಟ್ಟಿ ಕಟ್ಟಿದ್ರೇನು? ನಂಗೂ ನಮ್ಮವ್ವ ಕಟ್ಟಿದ್ಲು, ಏನೂ ಉಪಯೋಗ ಆಗಲಿಲ್ಲ." ಪಾಪ, ಆಕೆಯ ಮುಖದಲ್ಲಿ ನಿಜವಾದ ದುಃಖ ಇತ್ತು. ದತ್ತು ಅಂತ ಹೇಳಿಬಿಟ್ಟೆ. ಅವಳೇನೋ ಸುಮ್ಮನಾದಳು, ಆಚೆ ಕುಳಿತ ಅಜ್ಜಿ ಶುರು ಮಾಡಿದಳು. "ಕೂಸಿನ ಮೂಲ ಯಾವೂರಂತ? ಯಾರ ಪೈಕಿ?" ನನಗೆ ಸಿಟ್ಟು ಬಂತು. ಆದರೆ ಬಾಗಲಕೋಟೆಯಲ್ಲಿ ಈ ಪ್ರಶ್ನೆಗೆ ಸಿಟ್ಟು ಮಾಡಿಕೊಂಡರೆ ದಿನವೂ ಮಾಡಿಕೊಳ್ಳಬೇಕು. ಆಲಮಟ್ಟಿ ಹಿನ್ನೀರು ಬಂದು ಅರ್ಧ ಊರು ಎದ್ದು ನವನಗರದ ಸೆಕ್ಟರುಗಳಿಗೆ ಬಂದು ಕುಳಿತ ಮೇಲೆ, ಇಲ್ಲಿ ಎಲ್ಲರಿಗೂ ಎರಡು ವಿಳಾಸ. ಈಗಿನದು ನಂಬರು, ಮೊದಲಿನದು ಓಣಿ. ಸೆಕ್ಟರ್ ಹೇಳಿದರೆ ಯಾರಿಗೂ ಸಾಲುವುದಿಲ್ಲ, ಹಳೇ ಊರಿನಲ್ಲಿ ಯಾವ ಓಣಿ ಅಂತ ಹೇಳಿದರೇನೇ ಮಾತು ಮುಂದುವರಿಯುವುದು. "ಭುವನೇಶ್ವರ" ಅಂದೆ. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, "ದೂರ ಆತು" ಅಂದಳು. ಆಮೇಲೆ ತನ್ನ ಮನೆ ಮುಳುಗಿದ ಕಥೆ ಹೇಳಿದಳು. ಅಂಗಳದ ಬೇವಿನ ಮರ ಕಡಿಯಲು ಮನಸ್ಸು ಬರಲಿಲ್ಲವಂತೆ, ಹಾಗೇ ಬಿಟ್ಟು ಬಂದಳಂತೆ. ನಮ್ಮ ಮಗಳು ಅಷ್ಟು ಹೊತ್ತೂ ಅವಳ ಕೊರಳಿನ ಗುಂಡಿನ ಸರ ಹಿಡಿದುಕೊಂಡೇ ಇದ್ದಳು.

ಈಗ ನಮ್ಮ ಅತ್ತೆಯ ವಿಷಯಕ್ಕೆ ಬರಲೇಬೇಕು.

ಅತ್ತೆಗೆ ಮಗುವಿನಲ್ಲಿ ಹೋಲಿಕೆ ಹುಡುಕುವ ಚಟ. ಮಗಳು ಮನೆಗೆ ಬಂದು ಆರತಿ ತಟ್ಟೆ ಕೆಳಗಿಡುವ ಮೊದಲೇ ಮೂಗು ಅವರ ಮಾವನದು ಅಂತ ತೀರ್ಮಾನ ಆಯಿತು. ಮಾವ ಅಂದರೆ ನನ್ನ ಗಂಡನ ಅಜ್ಜ. ಗೋಡೆಯ ಮೇಲೆ ರುಮಾಲು ಸುತ್ತಿಕೊಂಡು ಕುಳಿತ ಫೋಟೋ ಇದೆ. ಮರುದಿನ ಕಿವಿ ಇಳಕಲ್ಲಿನ ತಂಗಿಗೆ ಹೋಯಿತು. ಹಣೆ ಅವರ ತಾಯಿಗೆ. ಕಾಲಿನ ಹೆಬ್ಬೆರಳು ಸ್ವಲ್ಪ ಅಗಲ ಇರುವುದು ಅವರ ಅಣ್ಣನಿಗೆ. ಕಣ್ಣು ತಮಗೇ ಇಟ್ಟುಕೊಂಡರು. ಎದುರುಮನೆಯವರು ಬಂದು "ಬಣ್ಣ ಯಾರದ್ರಿ?" ಅಂತ ಕುತೂಹಲಕ್ಕೆ ಕೇಳಿದರೆ, "ನಮ್ಮ ಮಾವನೋರೂ ಹಿಂಗ ಇದ್ರು, ಬಿಸಲಾಗ ಅಡ್ಡಾಡಿ ಕರಗಾದ್ರು" ಅಂದರು. ಫೋಟೋ ಕಪ್ಪುಬಿಳುಪು, ಯಾರು ಏನು ಹೇಳಲು ಸಾಧ್ಯ? ಇದು ಮರೆವು ಅಂತ ತಿಳಿಯಬೇಡಿ. ಯಾರ ಮದುವೆಯಲ್ಲಿ ಯಾರು ಎಂಥ ಆಹೇರ ಮಾಡಿದರು ಅನ್ನೋದು ಅತ್ತೆಗೆ ಇವತ್ತಿಗೂ ಬಾಯಲ್ಲಿದೆ. ದತ್ತು ತಗೋಳ್ರಿ ಅಂತ ಮೊದಲು ಬಾಯಿಬಿಟ್ಟು ಹೇಳಿದವರೂ ಅವರೇ. ಒಂದು ದಿನ ನಾನೇ ಬೇಜಾರಾಗಿ ಕೇಳಿದೆ, "ನಂದೇನೂ ಇಲ್ಲೇನ್ರಿ ಅತ್ತಿ ಇದರಾಗ?" ಮಗುವನ್ನು ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. "ಹಟ ನಿಂದು" ಅಂದರು.

ಡಾಕ್ಟರು ಹೊಸಬರು, ಸಮಾಧಾನದವರು. ಎದೆಗೆ ಸ್ಟೆಥಾಸ್ಕೋಪ್ ಇಟ್ಟು ಕೇಳಿ, "ಮನಿಯೊಳಗ ಯಾರಿಗರೆ ಅಸ್ತಮಾ, ಅಲರ್ಜಿ ಅದಾವೇನ್ರಿ?" ಅಂತ ನನ್ನ ಕಡೆ ನೋಡಿದರು. ನಾನು ಬಾಯಿ ತೆರೆದೆ. ಮಾತು ಪಕ್ಕದಿಂದ ಬಂತು.

"ಐತ್ರಿ ಸಾಹೇಬ್ರ. ನಮ್ಮ ಮಾವನೋರಿಗೆ ದಮ್ಮು ಇತ್ರಿ. ಭಾರೀ ದಮ್ಮು. ಥಂಡಿ ದಿನದಾಗ ರಾತ್ರೆಲ್ಲಾ ಕುಂತ ಇರತಿದ್ರು. ನಾನ ಬೆನ್ನು ತಿಕ್ಕತಿದ್ದೆ."

ಡಾಕ್ಟರು ಪೆನ್ನು ತೆಗೆದರು. "ತಂದಿ ಕಡೆಯವರೇನ್ರಿ?"

"ಹೂಂರಿ, ತಂದಿ ಕಡೆ. ಮುತ್ತಜ್ಜ."

"ಚರ್ಮದ ಅಲರ್ಜಿ?"

"ನನ್ನ ತಂಗಿಗೆ ಐತ್ರಿ. ಬದನಿಕಾಯಿ ತಿಂದ್ರ ಮೈತುಂಬ ಗಂಧಿ ಏಳತಾವ."

"ಸಕ್ಕರೆ ಕಾಯಿಲೆ?"

"ಅದೇನ್ ಕೇಳ್ತೀರಿ, ಎಲ್ಲಾರಿಗೂ ಐತಿ."

ನಾನು ನಮ್ಮವರ ಕಡೆ ನೋಡಿದೆ. ಅವರು ಫ್ಯಾನ್ ನೋಡುತ್ತಿದ್ದರು. ಡಾಕ್ಟರು ಬರೆಯುತ್ತಲೇ ಇದ್ದರು. ದಮ್ಮು, ಗಂಧೆ, ಸಕ್ಕರೆ, ಅತ್ತೆಯ ಅಣ್ಣನ ಮೂಲವ್ಯಾಧಿ. ಒಡಿಶಾದಿಂದ ರೈಲಿನಲ್ಲಿ ಕೈ ಬೀಸಿಕೊಂಡು ಬಂದ ಕೂಸಿನ ತಲೆಗೆ ನಮ್ಮ ಮನೆತನದ ರೋಗಗಳೆಲ್ಲ ಒಂದೊಂದಾಗಿ ಬೀಳುತ್ತಿದ್ದವು. ಕಾಗದ ತಿರುವುವ ಹೊತ್ತಿಗೆ ನಾನು ಹೇಳಿದೆ, "ಡಾಕ್ಟರೇ, ಮಗುವನ್ನು ನಾವು ದತ್ತು ತಗೊಂಡಿರೋದು."

ಪೆನ್ನು ನಿಂತಿತು. ಡಾಕ್ಟರು ಒಮ್ಮೆ ಅತ್ತೆಯನ್ನು, ಒಮ್ಮೆ ಕಾಗದವನ್ನು ನೋಡಿದರು. ಆಮೇಲೆ ಮೇಲಿನಿಂದ ಕೆಳಗಿನ ತನಕ ಓರೆಯಾಗಿ ಒಂದು ಗೆರೆ ಎಳೆದರು. ಅತ್ತೆ ಆ ಗೆರೆಯನ್ನೇ ನೋಡುತ್ತಿದ್ದರು. "ಅಯ್ಯ, ಹೌದಲ್ಲ" ಅಂದು ಸೆರಗು ಎಳೆದುಕೊಂಡರು.

ಅಲ್ಲಿಯ ತನಕ ನನಗೆ ಬಂದಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಎಲ್ಲ ಹೊಡೆದುಹಾಕಲಿ, ದಮ್ಮು ಒಂದನ್ನಾದರೂ ಬಿಡಬಹುದಿತ್ತಲ್ಲ ಅನ್ನಿಸಿತು.

ಡಾಕ್ಟರು ಒಡಿಯಾ ಕಾರ್ಡ್ ತೆಗೆದುಕೊಂಡು ತಾರೀಖುಗಳನ್ನು ಮಾತ್ರ ಓದಿದರು. ಅಂಕಿಯಲ್ಲಿ ಬರೆದಿದ್ದು ಪುಣ್ಯ. ಆಮೇಲೆ ಮಗಳ ಅಂಗಿಯ ಎಡತೋಳು ಮೇಲಕ್ಕೆ ಸರಿಸಿ ಬೆರಳಿನಿಂದ ಸವರಿದರು. ಅಲ್ಲಿ ಮೆಂತ್ಯದ ಕಾಳಿನಷ್ಟು ಒಂದು ಕಲೆ. "ಬಿ.ಸಿ.ಜಿ. ಆಗೇದ" ಅಂದರು. ಹುಟ್ಟಿದಾಗ ಕೊಡುವ ಸೂಜಿ ಅದು, ಕ್ಷಯಕ್ಕೆ. ಸ್ನಾನ ಮಾಡಿಸುವಾಗ ದಿನವೂ ನೋಡುತ್ತಿದ್ದೆ, ಸೊಳ್ಳೆ ಕಚ್ಚಿದ್ದು ಅಂದುಕೊಂಡಿದ್ದೆ. ಆ ದಿನ ಅವಳನ್ನು ಯಾರೋ ಎತ್ತಿಕೊಂಡಿರಬೇಕು, ಸೂಜಿ ಚುಚ್ಚುವಾಗ ತೋಳು ಹಿಡಿದಿರಬೇಕು, ಆಮೇಲೆ ಸಮಾಧಾನ ಮಾಡಿರಬೇಕು. ಫಾರ್ಮಿನಲ್ಲಿ ಅದಕ್ಕೆ ಮಾತ್ರ ಕಾಲಂ ಇಲ್ಲ.

ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರದ ಲಸಿಕೆಗೆ ಬನ್ನಿ ಅಂದರು. ನೆಗಡಿಗೆ ಮೂಗಿಗೆ ಹಾಕುವ ಹನಿ ಬರೆದುಕೊಟ್ಟರು.

"ಸಿರಪ್ ಬರೀರಿ ಸಾಹೇಬ್ರ" ಅತ್ತೆ ಆಗಲೇ ಚೇತರಿಸಿಕೊಂಡಿದ್ದರು.

"ಇಷ್ಟ ಸಣ್ಣ ಕೂಸಿಗೆ ಕೆಮ್ಮಿನ ಸಿರಪ್ ಕೊಡಬಾರದ್ರಿ ಅಮ್ಮಾರ. ಇದು ಉಪ್ಪುನೀರು. ಮೂಗು ಬಿಡತೈತಿ, ಸಾಕು."

ಔಷಧಿ ಅಂಗಡಿಯ ತನಕ ಅತ್ತೆ ಒಂದೇ ಮಾತು. "ಉಪ್ಪುನೀರಿಗೆ ಫೀ ತಗೊಂಡ ನೋಡು. ಉಪ್ಪು ನಮ್ಮನ್ಯಾಗ ಇರಲಿಲ್ಲೇನು? ನೀರು ಇರಲಿಲ್ಲೇನು?" ಮನೆಯ ಉಪ್ಪುನೀರು ಹಾಕುವುದಲ್ಲ, ಅದಕ್ಕೆ ಅಳತೆ ಇರುತ್ತದೆ, ಸೀಸೆ ಶುದ್ಧ ಇರುತ್ತದೆ ಅಂತ ನಮ್ಮವರು ತಿಳಿಸಿ ಹೇಳಿದರು. ತಿಳಿಯಲಿಲ್ಲ.

ಮನೆಗೆ ಬಂದು ಹನಿ ಹಾಕಲು ಮೂವರೂ ಕುಳಿತೆವು. ಒಬ್ಬರು ಕಾಲು, ಒಬ್ಬರು ತಲೆ, ನಾನು ಸೀಸೆ. ಒಂದು ಹನಿ ಬಿತ್ತು. ಮಗಳು ಉಸಿರು ಕಟ್ಟಿ, ಮುಖ ಕೆಂಪು ಮಾಡಿ, ಅತ್ತೆಯ ಹೊಸ ಇಳಕಲ್ ಸೀರೆಯ ಮೇಲೆ ಪೂರ್ತಿ ಸೀನಿದಳು. ಮೂಗು ಬಿಟ್ಟಿತು. ಅತ್ತೆ ಸೀರೆ ಒರೆಸಿಕೊಳ್ಳುತ್ತ ಫೋಟೋದ ಕಡೆ ನೋಡಿದರು.

"ಅವ್ರೂ ಹಿಂಗ. ಡಾಕ್ಟರ್ ಕೊಟ್ಟಿದ್ದು ಒಂದೂ ಒಳಗ ಇಟಗೊಂಡವರಲ್ಲ."