ಪ್ರಶ್ನೆ ಕೇಳದವರಿಗೊಂದು ಪೇಟ

ಆಹ್ವಾನ ಪತ್ರಿಕೆಯಲ್ಲಿ ಸಂಜೆ 5.30 ಎಂದಿತ್ತು. ಗಾಂಧಿನಗರದ ಪಂಚಾಂಗದ ಪ್ರಕಾರ ಅದು ಏಳೂವರೆ ಎಂಬುದು ಸಿನಿಮಾ ಪುಟದಲ್ಲಿ ಕೂಳು ಸಂಪಾದಿಸಿದವರಿಗೆಲ್ಲ ಗೊತ್ತು. ಆದರೂ ಐದು ಗಂಟೆಗೇ ಸಭಾಂಗಣ ಮುಕ್ಕಾಲು ತುಂಬಿತ್ತು. ಕಲೆ ಮತ್ತು ಮನರಂಜನೆಯ ಪತ್ರಿಕೋದ್ಯಮಕ್ಕೆ ಪ್ರಶಸ್ತಿ ಕೊಡುವ ಸಂಜೆ ಅದು. ಊರಿನವರ ಮದುವೆಗೆಲ್ಲ ಓಲಗ ಊದಿ ಊದಿ ಸುಸ್ತಾದವರಿಗೆ ಅಂತೂ ತಮ್ಮದೇ ಮನೆಯ ಮದುವೆ.

ಪ್ರಶಸ್ತಿ ಕೊಡುವ ಸಂಸ್ಥೆಯ ಹೆಸರು ಬೇಡ. ಬರೆದರೆ ಮುಂದಿನ ವರ್ಷದ ಪಟ್ಟಿಯಿಂದ ನನ್ನ ಹೆಸರು ಹಾರಿಹೋಗುತ್ತದೆ. ಈ ವರ್ಷದ ಪಟ್ಟಿಯಲ್ಲೂ ಇರಲಿಲ್ಲ, ಆ ಮಾತು ಬೇರೆ.

ನಾನು ಹೋದದ್ದು ಗೆಳೆಯರೊಬ್ಬರ ಬೆನ್ನಿಗೆ. ಇಪ್ಪತ್ತೆರಡು ವರ್ಷ ಶುಕ್ರವಾರದ ಸಿನಿಮಾಗಳನ್ನು ಶನಿವಾರದ ಪುಟಕ್ಕೆ ಇಳಿಸಿದವರು ಅವರು. ಅವರಿಗೆ ಅತ್ಯುತ್ತಮ ಚಿತ್ರವಿಮರ್ಶಕ ಪ್ರಶಸ್ತಿ. ಬಾಗಿಲಲ್ಲೇ ಒಂದು ಫ್ಲೆಕ್ಸ್ ನಿಂತಿತ್ತು. ಅದರ ತುಂಬ ಮುಖ್ಯ ಅತಿಥಿಯಾದ ನಾಯಕನಟರ ಮುಖ. ಎದೆಯ ಭಾಗದಲ್ಲಿ ಪ್ರಾಯೋಜಕರು, ಸೊಂಟದಲ್ಲಿ ಶಾಸಕರು. ಕಾಲಬೆರಳಿನ ಬಳಿ ಅಂಚೆಚೀಟಿಯ ಗಾತ್ರದಲ್ಲಿ ಪ್ರಶಸ್ತಿ ಪುರಸ್ಕೃತರ ಸಾಲು. ಗೆಳೆಯರು ಕನ್ನಡಕ ಒರೆಸಿಕೊಂಡು ಬಗ್ಗಿ ಹುಡುಕಿದರು. ಎಡದಿಂದ ಏಳನೆಯವರು. ಫೋಟೊ ಹಳೆಯದು, ಮೀಸೆ ಇದ್ದ ಕಾಲದ್ದು. ಅದರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮೊಬೈಲಿನಲ್ಲಿ ಒಂದು ಫೋಟೊ ತೆಗೆಸಿಕೊಂಡರು.

ಒಳಗೆ ಮೊದಲ ಎರಡು ಸಾಲು ಗಣ್ಯರಿಗೆ. ಮೂರನೆಯ ಸಾಲಿನತ್ತ ಹೊರಟ ಗೆಳೆಯರನ್ನು ಕಪ್ಪು ಅಂಗಿಯ ಬೌನ್ಸರ್ ತಡೆದ.

‘ಸರ್, ಪ್ರೆಸ್‌ನವರೆಲ್ಲ ಹಿಂದಕ್ಕೆ.’

‘ಪ್ರಶಸ್ತಿ ನನಗೇ ಅಪ್ಪಾ.’

‘ಎಲ್ಲರೂ ಹಾಗೇ ಹೇಳುತ್ತಿದ್ದಾರೆ ಸರ್.’

ಅವನು ಸುಳ್ಳು ಹೇಳಲಿಲ್ಲ. ಆಮೇಲೆ ಲೆಕ್ಕ ಹಾಕಿದರೆ ಸಭಾಂಗಣದಲ್ಲಿದ್ದ ಪತ್ರಕರ್ತರಲ್ಲಿ ಪ್ರಶಸ್ತಿ ಇಲ್ಲದವನು ಬಹುಶಃ ನಾನೊಬ್ಬನೇ. ಅತ್ಯುತ್ತಮ ಮುಹೂರ್ತ ವರದಿ, ಅತ್ಯುತ್ತಮ ಟೀಸರ್ ಸುದ್ದಿ, ನಾಯಕನ ಹುಟ್ಟುಹಬ್ಬದ ಅತ್ಯುತ್ತಮ ವಿಶೇಷ ಪುಟ. ಡಿಜಿಟಲ್ ವಿಭಾಗದಲ್ಲಿ ಅತ್ಯುತ್ತಮ ಶೀರ್ಷಿಕೆಗೂ ಒಂದು. ‘ಈ ನಟಿ ಮನೆಯಲ್ಲಿ ಒಬ್ಬರೇ ಇದ್ದಾಗ ಮಾಡಿದ ಕೆಲಸ ನೋಡಿದರೆ ಬೆಚ್ಚಿಬೀಳುತ್ತೀರಿ’ ಎಂಬ ಶೀರ್ಷಿಕೆ ಕೊಟ್ಟ ಹುಡುಗನಿಗೆ ಅದು ಸಂದಿತು. ನಟಿ ಮಾಡಿದ್ದು ನೀರುದೋಸೆ.

ಗೆಳೆಯರ ಸರದಿ ಬಂತು. ನಿರೂಪಕಿ ಬಿನ್ನವತ್ತಳೆ ಓದಿದರು. ಅದರ ಒಂದು ಸಾಲು ನನ್ನ ಕಿವಿಯಲ್ಲಿ ಇನ್ನೂ ಕೂತಿದೆ: ‘ಎರಡು ದಶಕಗಳ ಸುದೀರ್ಘ ಪಯಣದಲ್ಲಿ ತಮ್ಮ ಲೇಖನಿಯಿಂದ ಯಾರೊಬ್ಬರ ಮನಸ್ಸನ್ನೂ ನೋಯಿಸದ ಅಪರೂಪದ ವಿಮರ್ಶಕರು.’ ಚಪ್ಪಾಳೆ ಬಿತ್ತು. ಯಾರ ಹಲ್ಲನ್ನೂ ಮುಟ್ಟದ ದಂತವೈದ್ಯ ಎಂದು ಹೊಗಳಿದಂತಾಯಿತೆಂದು ಆ ಗದ್ದಲದಲ್ಲಿ ಯಾರಿಗೂ ಅನ್ನಿಸಲಿಲ್ಲ.

ಮನಸ್ಸು ನೋಯಿಸದೆ ಇಪ್ಪತ್ತೆರಡು ವರ್ಷ ಬರೆಯುವುದು ಹುಡುಗಾಟವಲ್ಲ. ಅದಕ್ಕೊಂದು ಭಾಷೆ ಬೇಕು. ನಮ್ಮ ಚಿತ್ರವಿಮರ್ಶೆ ಆ ಭಾಷೆಯನ್ನು ತಲೆಮಾರುಗಳಿಂದ ತಿದ್ದಿ ತೀಡಿ ಇಟ್ಟುಕೊಂಡಿದೆ. ನಾಯಕನಿಗೆ ನಟನೆ ಬಾರದಿದ್ದರೆ ‘ಪಾತ್ರಕ್ಕೆ ನ್ಯಾಯ ಒದಗಿಸಲು ಪ್ರಯತ್ನಿಸಿದ್ದಾರೆ’. ನಾಯಕಿಗೆ ಸಿನಿಮಾದಲ್ಲಿ ಕೆಲಸವೇ ಇಲ್ಲದಿದ್ದರೆ ‘ಸಿಕ್ಕ ಅವಕಾಶದಲ್ಲಿ ಗಮನ ಸೆಳೆಯುತ್ತಾರೆ’. ಮಧ್ಯಂತರದ ನಂತರ ನಿದ್ದೆ ಬಂದಿದ್ದರೆ ‘ದ್ವಿತೀಯಾರ್ಧ ಕೊಂಚ ಎಳೆದಂತೆ ಭಾಸವಾಗುತ್ತದೆ’. ಇಲ್ಲಿ ‘ಭಾಸವಾಗುತ್ತದೆ’ ಎಂಬ ಪದದ ಸೊಗಸು ನೋಡಬೇಕು: ಎಳೆದದ್ದು ನಿರ್ದೇಶಕರ ತಪ್ಪಲ್ಲ, ನೋಡುಗನ ಭ್ರಮೆ. ಮೊದಲಿನಿಂದಲೂ ನಿದ್ದೆ ಬಂದಿದ್ದರೆ ‘ಸಂಕಲನಕಾರರು ಕತ್ತರಿಗೆ ಇನ್ನಷ್ಟು ಕೆಲಸ ಕೊಡಬಹುದಿತ್ತು’. ಹೇಳಲು ಏನೂ ಇಲ್ಲದಾಗ ಛಾಯಾಗ್ರಹಣ ಇದ್ದೇ ಇದೆ, ಅದು ಸದಾ ಕಣ್ಣಿಗೆ ಹಬ್ಬ. ಕೊನೆಗೆ ‘ಒಮ್ಮೆ ನೋಡಲು ಅಡ್ಡಿಯಿಲ್ಲ’. ಅಡ್ಡಿಯಿಲ್ಲ ನಿಜ. ಬಾಗಿಲಲ್ಲಿ ಯಾರೂ ಅಡ್ಡ ನಿಲ್ಲುವುದಿಲ್ಲ, ಒಳಗೂ ಯಾರೂ ಇರುವುದಿಲ್ಲ.

ಇನ್ನು ನಕ್ಷತ್ರಗಳು. ಐದರಲ್ಲಿ ಮೂರಕ್ಕಿಂತ ಕೆಳಗೆ ಇಳಿಯುವುದು ಶಿಷ್ಟಾಚಾರವಲ್ಲ. ಮೂರು ಎಂದರೆ ಕೆಟ್ಟ ಸಿನಿಮಾ, ಮೂರೂವರೆ ಎಂದರೆ ಜಾಹೀರಾತು ಬಂದಿದೆ, ನಾಲ್ಕು ಎಂದರೆ ನಿರ್ದೇಶಕರು ಫೋನ್ ಮಾಡಿದ್ದರು. ಎರಡು ಕೊಟ್ಟ ವಿಮರ್ಶಕನೊಬ್ಬ ಇದ್ದ, ಈಗ ಕೃಷಿ ಪುಟ ನೋಡಿಕೊಳ್ಳುತ್ತಿದ್ದಾನೆ. ಅಡಿಕೆಯ ಎಲೆಚುಕ್ಕೆ ರೋಗದ ಬಗ್ಗೆ ಬಹಳ ನಿಷ್ಠುರವಾಗಿ ಬರೆಯುತ್ತಾನೆ.

ಪ್ರಶಸ್ತಿ ಪ್ರದಾನ ಮಾಡಿದ್ದು ಆ ನಾಯಕನಟರೇ. ಅವರ ಸಿನಿಮಾ ಹಿಂದಿನ ವಾರ ತೆರೆಕಂಡಿತ್ತು, ಗೆಳೆಯರು ಮೂರೂವರೆ ಕೊಟ್ಟಿದ್ದರು. ಮುಂದಿನದು ಬರುವ ತಿಂಗಳು ತೆರೆಗೆ. ಉತ್ತರಪತ್ರಿಕೆ ತಿದ್ದುವ ಮೇಷ್ಟ್ರಿಗೆ ಪರೀಕ್ಷೆಗೆ ಕೂತ ಹುಡುಗನೇ ಶಾಲು ಹೊದಿಸಿ, ‘ಸರ್, ಇನ್ನೊಂದು ಪೇಪರ್ ಬಾಕಿ ಇದೆ’ ಎಂದು ನಕ್ಕಂತಿತ್ತು. ಇದನ್ನು ನೋಡಿದಾಗ ತಮಿಳುನಾಡಿನ ನಿರ್ಮಾಪಕರ ಬಗ್ಗೆ ಮರುಕ ಹುಟ್ಟಿತು. ಸಿನಿಮಾ ಬಿಡುಗಡೆಯಾದ ಮೊದಲ ಮೂರು ದಿನ ಆನ್‌ಲೈನ್ ವಿಮರ್ಶೆಗೆ ತಡೆ ಹಾಕಿ ಎಂದು ಅವರ ಸಂಘ 2024ರಲ್ಲಿ ಮದ್ರಾಸ್ ಹೈಕೋರ್ಟಿನ ಮೆಟ್ಟಿಲು ಹತ್ತಿತು, ಕೋರ್ಟು ತಡೆ ಕೊಡಲಿಲ್ಲ. ವಕೀಲರ ಫೀಸಿನಲ್ಲಿ ಎಷ್ಟು ಶಾಲು ಬರುತ್ತಿತ್ತು ಎಂದು ಅವರಿಗೆ ಯಾರೂ ಲೆಕ್ಕ ಹೇಳಿಕೊಟ್ಟಿಲ್ಲ.

ಇದನ್ನೆಲ್ಲ ನಾವೇ ಕಂಡುಹಿಡಿದೆವೆಂದು ಬೀಗುವಂತೆಯೂ ಇಲ್ಲ. ಪರದೇಶದ ಪತ್ರಿಕೆಗಳಿಗೆ ಹಾಲಿವುಡ್ ಸುದ್ದಿ ಬರೆಯುವವರು 1943ರಲ್ಲಿ ಲಾಸ್ ಏಂಜಲೀಸಿನಲ್ಲಿ ಸಂಘ ಕಟ್ಟಿಕೊಂಡರು. ಮರುವರ್ಷದಿಂದ ತಾವೇ ಪ್ರಶಸ್ತಿ ಕೊಡತೊಡಗಿದರು. ಅದೇ ಗೋಲ್ಡನ್ ಗ್ಲೋಬ್. ಪತ್ರಕರ್ತರು ಹಂಚುವ ಆ ಗುಂಡಿನ ಮುಂದೆ ಜಗತ್ತಿನ ತಾರೆಯರೆಲ್ಲ ಕೈಕಟ್ಟಿ ಕೂರುತ್ತಿದ್ದರು. 2021ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಸಂಘದ ಮುಚ್ಚಳ ತೆಗೆಯಿತು. ಇದ್ದದ್ದು 87 ಸದಸ್ಯರು, ಅದರಲ್ಲಿ ಒಬ್ಬರೂ ಕಪ್ಪುವರ್ಣೀಯರಿಲ್ಲ. 2019ರಲ್ಲಿ ಮೂವತ್ತಕ್ಕೂ ಹೆಚ್ಚು ಸದಸ್ಯರು ಧಾರಾವಾಹಿಯೊಂದರ ಚಿತ್ರೀಕರಣ ನೋಡಲು ಪ್ಯಾರಿಸಿಗೆ ಹೋಗಿ ಐಷಾರಾಮಿ ಹೋಟೆಲಿನಲ್ಲಿ ತಂಗಿದ್ದರು. ಆಮೇಲೆ ಆ ಧಾರಾವಾಹಿಗೆ ಎರಡು ನಾಮನಿರ್ದೇಶನ ಬಂತು. ಚಿತ್ರೀಕರಣ ಅಷ್ಟು ಚೆನ್ನಾಗಿತ್ತೋ ಹಾಸಿಗೆ ಅಷ್ಟು ಮೆತ್ತಗಿತ್ತೋ, ದೇವರೇ ಬಲ್ಲ. ಟಾಮ್ ಕ್ರೂಸ್ ತಮ್ಮ ಮೂರು ಟ್ರೋಫಿಗಳನ್ನು ಹಿಂದಿರುಗಿಸಿದರು. ಎನ್‌ಬಿಸಿ ವಾಹಿನಿ 2022ರ ಪ್ರಸಾರ ಕೈಬಿಟ್ಟಿತು. ಆ ವರ್ಷ ತಾರೆಯರಿಲ್ಲ, ನೇರಪ್ರಸಾರವಿಲ್ಲ, ಗೆದ್ದವರ ಹೆಸರು ಟ್ವಿಟರ್‌ನಲ್ಲಿ ಬಂತು. 2023ರ ಜೂನಿನಲ್ಲಿ ಸಂಘವೇ ವಿಸರ್ಜನೆಯಾಗಿ ಪ್ರಶಸ್ತಿ ಕಂಪನಿಗಳ ಪಾಲಾಯಿತು. ಪತ್ರಕರ್ತರು ಹೋದರು, ಪ್ರಶಸ್ತಿ ಮಾತ್ರ ಗುಂಡುಕಲ್ಲಿನಂತೆ ಇದೆ.

ಈ ಕಥೆಯನ್ನು ಪಕ್ಕದ ಕುರ್ಚಿಯ ಹಿರಿಯ ವರದಿಗಾರರಿಗೆ ಪಿಸುಗುಟ್ಟಿದೆ. ಹಗರಣದ ಭಾಗಕ್ಕೆ ಅವರು ತಲೆ ಕೆಡಿಸಿಕೊಳ್ಳಲಿಲ್ಲ. ‘ಪ್ಯಾರಿಸ್ಸಾ?’ ಎಂದು ನಿಟ್ಟುಸಿರಿಟ್ಟರು. ‘ನಮ್ಮನ್ನು ದೇವನಹಳ್ಳಿಯ ರೆಸಾರ್ಟ್ ದಾಟಿಸಿದವರೇ ಇಲ್ಲ ಮಾರಾಯರೇ.’

ಕೇಂದ್ರ ಸರ್ಕಾರವೂ 1984ರ ಸಾಲಿನಿಂದ ಉತ್ತಮ ಚಿತ್ರವಿಮರ್ಶಕರನ್ನು ಹುಡುಕಿ ರಾಷ್ಟ್ರಪ್ರಶಸ್ತಿ ಕೊಡುತ್ತಿದೆ. 2010ರ ಸಾಲಿನಲ್ಲಿ ನಮ್ಮ ಎನ್. ಮನು ಚಕ್ರವರ್ತಿಯವರು ಅದನ್ನು ಇನ್ನೊಬ್ಬರೊಂದಿಗೆ ಹಂಚಿಕೊಂಡರು. ನೋಯಿಸಬೇಕಾದ ಕಡೆ ನೋಯಿಸಿಯೂ ಪ್ರಶಸ್ತಿ ಬರುವುದುಂಟು. 2016ರ ಸಾಲಿನ ಪ್ರಶಸ್ತಿ ಪಡೆದ ತಮಿಳಿನ ವಿಮರ್ಶಕರು ಚಿತ್ರ ನಿರ್ಮಾಪಕರೂ ಹೌದು. ಸಿನಿಮಾ ಇತಿಹಾಸದ ಪುಸ್ತಕ ಬರೆದವರು ಅವರು, ಅರ್ಹತೆಯ ಬಗ್ಗೆ ತಕರಾರಿಲ್ಲ. ಆದರೆ ನಮ್ಮ ಸಭಾಂಗಣದ ನಿರ್ಮಾಪಕರಿಗೆ ಈ ಸುದ್ದಿ ತಲುಪಬಾರದು. ವಿಮರ್ಶಕನನ್ನು ಸಾಕುವುದಕ್ಕಿಂತ ತಾವೇ ಆಗಿಬಿಡುವುದು ಅಗ್ಗ ಎಂದು ಗೊತ್ತಾದರೆ ನಮ್ಮವರ ಗತಿಯೇನು?

ಕಾರ್ಯಕ್ರಮದ ಹೆಸರಿನಲ್ಲಿ ಮನರಂಜನೆಗಿಂತ ಮುಂದೆ ‘ಕಲೆ’ ಇತ್ತಲ್ಲ, ಅದೆಲ್ಲಿ ಹೋಯಿತು ಎಂದು ನೀವು ಕೇಳಬಹುದು. ಬಂತು, ಒಂಬತ್ತೂಕಾಲಕ್ಕೆ, ಊಟದ ಬಾಗಿಲು ತೆರೆದ ಮೇಲೆ. ರಂಗಭೂಮಿ, ಯಕ್ಷಗಾನ, ಚಿತ್ರಕಲೆ, ನೃತ್ಯ, ಹಿಂದೂಸ್ತಾನಿ, ಕರ್ನಾಟಕ ಸಂಗೀತ ಎಲ್ಲ ಸೇರಿ ಒಂದೇ ಪ್ರಶಸ್ತಿ, ಒಂದೇ ಉಸಿರು. ಪಡೆದವರು ಎಪ್ಪತ್ತು ದಾಟಿದ ರಂಗವಿಮರ್ಶಕರು. ಬಯಲಾಟವನ್ನು ಬೆಳಗಿನ ಜಾವದವರೆಗೆ ಕೂತು ನೋಡಿ ಬರೆದವರಿಗೆ ಇಲ್ಲಿ ಸಿಕ್ಕಿದ್ದು ನಲವತ್ತು ಸೆಕೆಂಡು. ಮೈಕಿನ ಮುಂದೆ ನಿಂತು, ‘ಹೆಗ್ಗೋಡಿನ ನೀನಾಸಂ ಶಿಬಿರದಲ್ಲಿ ರಾತ್ರಿ ನಾಟಕವಾದರೆ ಬೆಳಿಗ್ಗೆ ಚರ್ಚೆ. ಕೇಳುವವರ ಪ್ರಶ್ನೆಗಳಿಗೆ ನಿರ್ದೇಶಕರು ಎದುರಿಗೇ ಕೂತು...’ ಎನ್ನುವಷ್ಟರಲ್ಲಿ ಹಿನ್ನೆಲೆ ಸಂಗೀತ ಏರಿತು. ಕನ್ನಡದಲ್ಲಿ ಕಲೆಗೆ ಎರಡು ಅರ್ಥ. ಊಟದ ಸಾಲಿನಲ್ಲಿ ನಮ್ಮೆಲ್ಲರ ಬಿಳಿ ಅಂಗಿಯ ಮೇಲೆ ಎರಡನೆಯದು ಧಾರಾಳವಾಗಿ ಸಿಕ್ಕಿತು, ಸಾರಿನ ರೂಪದಲ್ಲಿ.

ಪ್ರಶ್ನೆ ಎಂದಾಗ ನೆನಪಾಯಿತು. ನಾಯಕನಟರು ಬರುವುದಕ್ಕೆ ಹತ್ತು ನಿಮಿಷ ಮೊದಲು ಅವರ ಪಿಆರ್‌ಓ ಸಾಲುಸಾಲಾಗಿ ಬಗ್ಗಿ ನಡೆದು ಪ್ರತಿಯೊಬ್ಬ ಪತ್ರಕರ್ತರ ಕಿವಿಯಲ್ಲಿ ಒಂದೇ ಮಂತ್ರ ಉಸುರಿದರು: ‘ಅಣ್ಣ, ಆ ವಿಷಯ ಮಾತ್ರ ಬೇಡ.’ ಆ ವಿಷಯ ಯಾವುದೆಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ನನ್ನ ಸೋದರತ್ತೆಗೂ ಗೊತ್ತಿತ್ತು. ಇನ್ನೂರು ಪತ್ರಕರ್ತರು ತುಂಬಿದ್ದ ಸಭಾಂಗಣದಲ್ಲಿ ಆ ರಾತ್ರಿ ಕೇಳಿಬಂದ ಪ್ರಶ್ನೆ ಒಂದೇ, ಅದನ್ನೂ ಕೇಳಿದ್ದು ನಿರೂಪಕಿ: ‘ಸರ್, ನಿಮ್ಮ ಫಿಟ್‌ನೆಸ್ ಗುಟ್ಟೇನು?’ ನಟರು ಮುದ್ದೆ ಎಂದರು. ಮೂರನೆಯ ಸಾಲಿನಿಂದ ಹಿಡಿದು ಕ್ಯಾಮೆರಾಗಳ ಹಿಂದೆ ನಿಂತವರವರೆಗೆ ಎಲ್ಲರೂ ಬರೆದುಕೊಂಡರು.

ಗೆಳೆಯರ ಸನ್ಮಾನದ ವಿವರ ಅರ್ಧಕ್ಕೇ ಬಿಟ್ಟೆ. ಶಾಲು, ಹಾರ, ಸ್ಮರಣಿಕೆ, ಹಣ್ಣಿನ ಬುಟ್ಟಿ, ತಲೆಗೆ ಮೈಸೂರು ಪೇಟ. ಪೇಟ ಕೊಂಚ ದೊಡ್ಡದಾಗಿ ಹುಬ್ಬಿನ ಮೇಲೆ ಕೂತಿತು. ಆದರೂ ಅವರ ಮುಖದಲ್ಲಿ ನಾನು ಎಂದೂ ಕಾಣದ ಕಳೆ ಇತ್ತು, ಒಂದು ಕ್ಷಣ ನನಗೂ ಗಂಟಲು ಕಟ್ಟಿತು. ಪತ್ರಕರ್ತನನ್ನು ಈ ಊರಿನಲ್ಲಿ ಯಾರು ತಾನೇ ಅಷ್ಟು ಹೊತ್ತು ನಿಲ್ಲಿಸಿ ನೋಡುತ್ತಾರೆ? ಫೋಟೊ ಆಯಿತು. ಮೆಟ್ಟಿಲು ಇಳಿಯುತ್ತಿದ್ದಂತೆ ಸ್ವಯಂಸೇವಕ ಹುಡುಗನೊಬ್ಬ ಓಡಿಬಂದು ಎರಡೂ ಕೈ ಚಾಚಿದ.

‘ಸರ್, ಪೇಟ.’

‘ಏನು?’

‘ಮುಂದಿನವರಿಗೆ ಬೇಕು ಸರ್. ಇರುವುದು ನಾಲ್ಕೇ.’

ಅವರು ತೆಗೆದುಕೊಟ್ಟರು. ಮೂರನೆಯ ಸಾಲಿನ ಬಳಿ ಅವರನ್ನು ತಡೆದಿದ್ದ ಬೌನ್ಸರ್ ಈಗ ಹಣ್ಣಿನ ಬುಟ್ಟಿ ನೋಡಿ ದಾರಿ ಬಿಟ್ಟ.

ಆಟೊದಲ್ಲಿ ಹೋಗುವಾಗ ಗೆಳೆಯರು ಸ್ಮರಣಿಕೆಯನ್ನು ಬೀದಿದೀಪದ ಬೆಳಕಿಗೆ ಹಿಡಿದು ಓದಿದರು. ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿತ್ತು. ‘ಇರಲಿ ಬಿಡಿ, ನಮ್ಮ ಪತ್ರಿಕೆಯಲ್ಲೂ ಹೀಗೇ ಬರುತ್ತದೆ’ ಎಂದರು. ಬುಟ್ಟಿಯ ಮಿರುಗುವ ಹಾಳೆ ಬಿಚ್ಚಿದರೆ ಮೇಲೆ ನಾಲ್ಕು ಸೇಬು, ಒಂದು ಅನಾನಸ್. ಕೆಳಗೆಲ್ಲ ಒಣಹುಲ್ಲು. ಮೂರೂವರೆ ನಕ್ಷತ್ರದ ಬುಟ್ಟಿ ಎಂದೆ. ಅವರು ನಗಲಿಲ್ಲ. ಮೊಬೈಲಿನಲ್ಲಿ ಸುದ್ದಿ ಟೈಪ್ ಮಾಡುತ್ತಿದ್ದರು. ಡೆಸ್ಕಿನಿಂದ ಮೂರು ಸಲ ಫೋನ್ ಬಂದಿತ್ತು, ಕಾರ್ಯಕ್ರಮದ ವರದಿಯನ್ನು ಹತ್ತೂವರೆಯೊಳಗೆ ಅವರೇ ಕಳಿಸಬೇಕಿತ್ತು.

ಬೆಳಿಗ್ಗೆ ಪತ್ರಿಕೆ ತೆರೆದೆ. ಐದನೆಯ ಪುಟದಲ್ಲಿ ನಾಯಕನಟರ ದೊಡ್ಡ ಫೋಟೊ, ಪಕ್ಕದಲ್ಲಿ ಪೇಟದಡಿ ಅರ್ಧ ಮರೆಯಾದ ಒಂದು ಮುಖ. ‘ಮುದ್ದೆಯೇ ನನ್ನ ಶಕ್ತಿ’ ಎಂಬ ತಲೆಬರಹ. ಫೋಟೊದ ಅಡಿಬರಹದಲ್ಲಿ ನಟರು, ಶಾಸಕರು, ಪ್ರಾಯೋಜಕರ ಹೆಸರುಗಳು ಒಂದೂ ತಪ್ಪಿಲ್ಲದೆ ಬಂದಿದ್ದವು. ಕೊನೆಗೆ, ‘ಮತ್ತಿತರರು ಚಿತ್ರದಲ್ಲಿದ್ದಾರೆ’.