ದೊಡ್ಡವ್ವನ ಗುಳಿಗೆ

ಬಹಳ ದಿನದಿಂದ ಇದನ್ನು ಬರೆಯಬೇಕು ಅಂದುಕೊಂಡಿದ್ದೆ. ನಮ್ಮ ಸಭೆಯ, ಅಂದರೆ ಚರ್ಚಿನ, ಕೆಲವರಿಗೆ ಬೇಜಾರಾಗಬಹುದು. ಆಗಲಿ.

ಮೂರು ವರ್ಷದ ಹಿಂದೆ ಗದಗಿನ ಹೊರಗೆ ಒಂದು ಸ್ವಸ್ಥತಾ ಕೂಟ ಇತ್ತು, ಕಾಯಿಲೆ ಗುಣವಾಗಲಿ ಅಂತ ಪ್ರಾರ್ಥಿಸುವ ಕೂಟ. ದೊಡ್ಡ ಪೆಂಡಾಲ್, ಕೀಬೋರ್ಡು, ಕಿವಿ ಹರಿದುಹೋಗುವಷ್ಟು ಸೌಂಡು. ದೊಡ್ಡವ್ವನನ್ನು ನಾನೇ ಕರೆದುಕೊಂಡು ಹೋಗಿದ್ದೆ. ಅವಳಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. "ಗುಣ ಆಗೇತಿ ಅಂತ ನಂಬಿದವರು ಗುಳಿಗಿ ತಂದು ಇಲ್ಲಿ ಹಾಕ್ರಿ" ಅಂದರು ಪ್ರಸಂಗಿ. ವೇದಿಕೆ ಮುಂದೆ ಒಂದು ಪ್ಲಾಸ್ಟಿಕ್ ಬುಟ್ಟಿ. ದೊಡ್ಡವ್ವ ಸೆರಗಿನ ಗಂಟು ಬಿಚ್ಚಿ ಎರಡು ಪಟ್ಟಿ ಗುಳಿಗೆ ಅದಕ್ಕೆ ಹಾಕಿದಳು. ಮೈಕ್ ಹಿಡಿದು, ದೇವರು ಗುಣ ಮಾಡಿದ ಅಂತ ಸಾಕ್ಷಿ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಇದನ್ನು ಮುಚ್ಚಿಟ್ಟು ಉಳಿದದ್ದನ್ನು ಹೇಳಲು ನನಗೆ ಮುಖ ಇಲ್ಲ.

ಎರಡು ತಿಂಗಳಿಗೆ ಕಾಲಿನ ಹೆಬ್ಬೆರಳು ಕಪ್ಪಾಯಿತು. ಚಪ್ಪಲಿ ಕಚ್ಚಿದ ಸಣ್ಣ ಗಾಯ. ಪಾದ ಜೋಮು ಹಿಡಿದಿತ್ತು, ನೋವೇ ಗೊತ್ತಾಗಿರಲಿಲ್ಲ. ಸಕ್ಕರೆ 400 ದಾಟಿತ್ತು. ಬೆರಳು ತೆಗೆದರು. ಪ್ರಸಂಗಿಗೆ ಫೋನ್ ಮಾಡಿದೆ. "ಅಕ್ಕಾರ, ಅವರ ವಿಶ್ವಾಸ ಎಲ್ಲೋ ಕಡಿಮಿ ಬಿದ್ದೇತ್ರಿ" ಅಂದರು. ಆ ಮಾತು ಹೇಗೋ ದೊಡ್ಡವ್ವನ ಕಿವಿಗೆ ಬಿತ್ತು. ಬೆರಳು ಹೋದದ್ದಕ್ಕೆ ಅಳದವಳು ಅದಕ್ಕೆ ಅತ್ತಳು. "ನಾ ಏನ್ ತಪ್ಪ ಮಾಡೀನಿ ಯವ್ವಾ?" ಅಂತ ರಾತ್ರಿಯೆಲ್ಲಾ ಕೇಳುತ್ತಿದ್ದಳು. ಹುಟ್ಟುಕುರುಡನನ್ನು ಕಂಡ ಶಿಷ್ಯರೂ ಯಾರ ಪಾಪ ಇದು ಅಂತಲೇ ಕೇಳಿದ್ದರು. ಇವನದೂ ಅಲ್ಲ, ಇವನ ತಂದೆತಾಯಿಯದೂ ಅಲ್ಲ ಅಂದಿದ್ದ ಯೇಸು. ಬೈಬಲ್ಲಿನಲ್ಲಿ ಯೋಹಾನ 9ನೇ ಅಧ್ಯಾಯ. ಅದನ್ನೇ ಅವಳಿಗೆ ಓದಿ ಹೇಳಿದೆ.

ಹಾಗಂತ ನಾನು ರೋಗಿಗಳಿಗಾಗಿ ಪ್ರಾರ್ಥಿಸುವುದು ಬಿಟ್ಟಿಲ್ಲ. ಬಿಡುವುದೂ ಇಲ್ಲ. ಆದರೆ ಯಾಕೋಬನ ಪತ್ರಿಕೆಯ 5ನೇ ಅಧ್ಯಾಯವನ್ನು ಸ್ವಲ್ಪ ನಿಧಾನಕ್ಕೆ ಓದಿ. ಕಾಯಿಲೆಯವನೇ ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಅಂತಿದೆ. ಪೆಂಡಾಲ್ ಇಲ್ಲ, ಬುಟ್ಟಿ ಇಲ್ಲ. ಬರುವವರು ಪರಿಚಯದವರು, ನಾಳೆಯೂ ಅದೇ ಓಣಿಯಲ್ಲಿ ಸಿಗುವವರು. ಗುಳಿಗೆ ಬಿಡು ಅನ್ನೋ ಮಾತು ಎಲ್ಲಿದೆ? ಅಪೊಸ್ತಲ ಪೌಲ ತನ್ನ ಶಿಷ್ಯ ತಿಮೊಥೆಗೆ ಹೊಟ್ಟೆ ಸರಿ ಇಲ್ಲ ಅಂತ ಸ್ವಲ್ಪ ದ್ರಾಕ್ಷಾರಸ ಕುಡಿ ಅಂದ. ಜೊತೆಗಾರ ತ್ರೊಫಿಮನನ್ನು ಮಿಲೇತ ಊರಲ್ಲಿ ಕಾಯಿಲೆಯಲ್ಲೇ ಬಿಟ್ಟು ಬಂದ. ಪೌಲನ ವಿಶ್ವಾಸವೂ ಕಡಿಮೆ ಬಿದ್ದಿತ್ತಾ?

ಗದಗಿಗೆ ಅಂಟಿಕೊಂಡಿರುವ ಬೆಟಗೇರಿಯವರಿಗಂತೂ ಪ್ರಾರ್ಥನೆ, ಔಷಧಿ ಎರಡೂ ಜೊತೆಗೆ ಇರುವುದು ಹೊಸ ವಿಷಯವೇ ಅಲ್ಲ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1837ರಲ್ಲಿ ಧಾರವಾಡಕ್ಕೆ ಬಂದರು, ಆಮೇಲೆ ಹುಬ್ಬಳ್ಳಿ, ಬೆಟಗೇರಿ. ಇಲ್ಲಿ ಅವರು ಕಟ್ಟಿದ ಆಸ್ಪತ್ರೆಗೆ ಜನ ಇವತ್ತಿಗೂ ಜರ್ಮನ್ ದವಾಖಾನಿ ಅಂತಲೇ ಅನ್ನೋದು. (ಬಾಸೆಲ್ ಇರೋದು ಸ್ವಿಟ್ಜರ್ಲೆಂಡಿನಲ್ಲಿ. ಬಂದವರಲ್ಲಿ ಜರ್ಮನ್ನರು ಜಾಸ್ತಿ, ಹೆಸರು ಅಂಟಿಕೊಂಡಿತು.) ದೇವರು ಗುಣ ಮಾಡುತ್ತಾನೆ ಅಂತ ನಂಬಿದವರೇ ದವಾಖಾನೆ ಕಟ್ಟಿಸಿದ್ದು. ನಮ್ಮಜ್ಜಿ ಹೆರಿಗೆಗೆ ಅಲ್ಲಿಗೇ ಹೋದಳು, ಕೀರ್ತನೆ ಹೇಳಿಕೊಂಡೇ ಹೋದಳು.

ಈಗ ನಾವು ಐದಾರು ಜನ ಬುಧವಾರ ಸಂಜೆ ಕಾಯಿಲೆಯವರ ಮನೆಗೆ ಹೋಗುತ್ತೇವೆ. ಕರೆಯದೆ ಹೋಗುವುದಿಲ್ಲ. 2022ರ ಮತಾಂತರ ಕಾಯ್ದೆ ಬಂದ ಮೇಲೆ ಪ್ರಾರ್ಥನೆ ಅಂದರೆ ಸಾಕು, ಅನುಮಾನದಿಂದ ನೋಡುತ್ತಾರೆ. ಅದಕ್ಕೆ ಹೆದರಿಯೂ ಹೌದು. ಆದರೆ ಕರೆಯದ ಮನೆಗೆ ನುಗ್ಗುವುದು ಮೊದಲೂ ಸರಿ ಇರಲಿಲ್ಲ ಅಲ್ವಾ? ಹೋದ ಕೂಡಲೇ ಮೊದಲ ಪ್ರಶ್ನೆ, "ಗುಳಿಗಿ ತಗೊಂಡೀರೇನ್ರಿ?" ಮೂರ್ಛೆ ರೋಗದ ಹುಡುಗನಿಗೆ ದೆವ್ವ ಅಂತ ಯಾರಾದರೂ ಅಂದರೆ, ಅವನನ್ನು ಹುಬ್ಬಳ್ಳಿಯ ಸರ್ಕಾರಿ ದವಾಖಾನೆ ಕಿಮ್ಸ್‌ಗೆ ಕರೆದೊಯ್ಯಲು ಬಸ್ ಚಾರ್ಜ್ ಕೂಡಿಸುತ್ತೇವೆ. ಇದನ್ನು ಯಾರೂ ಸಾಕ್ಷಿ ಅಂತ ಮೈಕಿನಲ್ಲಿ ಹೇಳುವುದಿಲ್ಲ.

ದೊಡ್ಡವ್ವನಿಗೆ ಈಗ ಇನ್ಸುಲಿನ್. ಮನೆಯಲ್ಲಿ ಫ್ರಿಜ್ ಇಲ್ಲ. ಹಸಿ ಅರಿವೆ ಸುತ್ತಿದ ಮಣ್ಣಿನ ಗಡಿಗೆಯಲ್ಲಿ ಬಾಟಲಿ ಇಡುತ್ತಾಳೆ. ಸೂಜಿ ಮಾಡಿಕೊಂಡು ಅರ್ಧ ತಾಸಿಗೆ ಊಟ ಮಾಡಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಆ ಅರ್ಧ ತಾಸಿನಲ್ಲೇ ನಮ್ಮ ಪ್ರಾರ್ಥನೆ. ಹೋದ ಬುಧವಾರ ಹಿರಿಯರೊಬ್ಬರು ಸ್ವಲ್ಪ ಉದ್ದ ಎಳೆದರು. ದೊಡ್ಡವ್ವ ಕಣ್ಣು ಮುಚ್ಚಿಕೊಂಡೇ, "ಆಮೆನ್ ಅನ್ರಿ ಅಣ್ಣಾರ, ರೊಟ್ಟಿ ಆರಾಕತ್ತಾವು" ಅಂದಳು.